ಪಂಪು ಕೊನೆಗೆ: ಹಿತ್ತಿಲ ಕೊಳಕ್ಕೆ ಪೈಪು ಜೋಡಿಸಿದ ದಿನ

9 ಫೆಬ್ರವರಿ 2025, ಭಾನುವಾರ

ಪಂಪನ್ನು ಕೊಳದೊಳಗೆ ಮುಳುಗಿಸುವುದಿಲ್ಲ, ಅದು ಫಿಲ್ಟರಿನ ಆಚೆಗೆ ಕೂರಬೇಕು. ಈ ಒಂದು ವಿಷಯದಲ್ಲಿ ಯಾರ ಮಾತಿಗೂ ಜಗ್ಗುವುದಿಲ್ಲವೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಇಂದಿನ ಕೆಲಸಕ್ಕೆ ಕೈ ಹಾಕಿದ್ದು. ಹೆಚ್ಚಿನವರು ಮಾಡುವುದು ಇದರ ತಿರುಗುಮುರುಗು. ಪಂಪು ಕೊಳದ ತಳದಲ್ಲಿ ಕೂತು ಮೀನಿನ ಮಲ, ಕೊಳೆತ ಎಲೆ, ಮೀನು ತಿನ್ನದೆ ಬಿಟ್ಟ ಕಾಳು ಎಲ್ಲವನ್ನೂ ಎಳೆದುಕೊಂಡು, ಅರೆದು, ಫಿಲ್ಟರಿಗೆ ನೂಕುತ್ತದೆ. ಇಡಿಯಾಗಿದ್ದರೆ ತಾನೇ ತಳಕ್ಕಿಳಿದು ಕೂರುತ್ತಿದ್ದ ಕಸ ನುಣ್ಣಗೆ ಅರೆದ ಮೇಲೆ ಯಾವ ಸ್ಪಂಜಿಗೂ ಸಿಕ್ಕುವುದಿಲ್ಲ. ನೀರಿನಲ್ಲೇ ಕದಡಿಕೊಂಡು ಕೊಳೆತು ಮೀನಿಗೆ ವಿಷವಾದ ಅಮೋನಿಯಾ ಆಗುತ್ತದೆ. ಆಮೇಲೆ ಫಿಲ್ಟರು ಸರಿಯಿಲ್ಲ ಎಂಬ ದೂರು.

ನನ್ನ ಕೊಳದ ತಳದ ಡ್ರೈನಿನಿಂದ ನಾಲ್ಕು ಇಂಚಿನ ಪೈಪು ನೆಲದಡಿಯಲ್ಲಿ ಹೊರಟು, ಫಿಲ್ಟರಾಗಿ ಇಟ್ಟ ಡ್ರಮ್ಮುಗಳಲ್ಲಿ ಮೊದಲನೆಯದಕ್ಕೆ ಸೇರುತ್ತದೆ. ಡ್ರಮ್ಮುಗಳನ್ನು ಕೊಳದ ಮಟ್ಟಕ್ಕೇ ಹೂತು ಕೂರಿಸಿರುವುದರಿಂದ ಎಲ್ಲದರಲ್ಲೂ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಕೊನೆಯ ಡ್ರಮ್ಮಿನಿಂದ ಪಂಪು ನೀರೆತ್ತಿದಾಗ ಅಲ್ಲಿ ಮಟ್ಟ ತುಸು ಇಳಿಯುತ್ತದೆ. ಆ ತಗ್ಗನ್ನು ತುಂಬಲು ಕೊಳದ ನೀರು ಕಸದ ಸಮೇತ ತಾನಾಗಿ ಹರಿದು ಬರುತ್ತದೆ.

ಪ್ಲಂಬರಿಗೆ ಈ ದಪ್ಪ ಪೈಪು ಹಿಡಿಸಲಿಲ್ಲ. "ಇದೇನು ಸಾರ್, ಕಕ್ಕಸಿನ ಪೈಪು ತಂದಿದ್ದೀರಿ? ಎರಡು ಇಂಚು ಸಾಕು, ಹೇಗೂ ಮಣ್ಣಿನಡಿಗೆ ಹೋಗುವುದಲ್ಲವೇ?" ಎಂದರು. ಮಣ್ಣಿನಡಿಗೆ ಹೋಗುವುದರಿಂದಲೇ ನನಗಿಷ್ಟು ಚಿಂತೆ. ಪಂಪು ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ಕೊಳದ ತಳದ ಪೈಪು ಬದಲಿಸಬೇಕಾದರೆ ನೀರು, ಲೈನರ್ ಎಂಬ ರಬ್ಬರ್ ಹಾಸು, ಕಾಂಕ್ರೀಟು ಎಲ್ಲವನ್ನೂ ತೆಗೆಯಬೇಕು. ಅಷ್ಟೇ ನೀರು ಅರ್ಧ ವ್ಯಾಸದ ಪೈಪಿನಲ್ಲಿ ಹೋಗಬೇಕೆಂದರೆ ಘರ್ಷಣೆ ಸುಮಾರು ಮೂವತ್ತು ಪಟ್ಟು ಏರುತ್ತದೆ. ಪಂಪು ಒತ್ತುವ ಕಡೆ ಅದನ್ನು ಹೇಗೋ ನುಂಗಿಕೊಳ್ಳಬಹುದು. ಬರೀ ಮಟ್ಟದ ವ್ಯತ್ಯಾಸದಿಂದ ಹರಿಯಬೇಕಾದ ಕಡೆ ಕೊನೆಯ ಡ್ರಮ್ಮಿನ ನೀರು ಅರ್ಧ ಅಡಿಯಷ್ಟು ಕುಸಿದು ಪಂಪು ಗಾಳಿ ಎಳೆದೀತು. ಅವರು ಒಪ್ಪಲಿಲ್ಲ, ಆದರೆ ಹ್ಯಾಕ್ಸಾ ಕೈಗೆತ್ತಿಕೊಂಡರು. ತಿರುವುಗಳಲ್ಲಿ 90 ಡಿಗ್ರಿಯ ಎಲ್ಬೋ ಬದಲು 45ರ ಎರಡು ಬೆಂಡು ಹಾಕಿಸಿದ್ದಕ್ಕೂ ಒಂದು ನಿಟ್ಟುಸಿರು ಬಂತು.

ಇಡೀ ದಿನದಲ್ಲಿ ನನ್ನ ಎದೆ ಡವಡವ ಎಂದದ್ದು ಲೈನರಿಗೆ ತೂತು ಹಾಕುವಾಗ. ನೀರು ಸೋರಬಾರದೆಂದೇ ಹಾಸಿದ ಒಂದು ಮಿಲಿಮೀಟರ್ ದಪ್ಪದ ಇಪಿಡಿಎಂ ರಬ್ಬರಿನ ನಟ್ಟನಡುವೆ, ಅದೂ ಅತ್ಯಂತ ತಗ್ಗಿನ ಜಾಗದಲ್ಲಿ, ನಾವೇ ಬ್ಲೇಡು ಹಾಕಬೇಕು. ಕಾಂಕ್ರೀಟಿನಲ್ಲಿ ಕೂತಿರುವ ಡ್ರೈನಿನ ಅಂಚು ರಬ್ಬರಿನ ಕೆಳಗಿರುತ್ತದೆ. ಹೆಬ್ಬೆರಳಿನಿಂದ ಒತ್ತುತ್ತಾ ಹೋದರೆ ಸ್ಕ್ರೂ ತೂತುಗಳು ಒಂದೊಂದಾಗಿ ಸಣ್ಣ ಕುಳಿಗಳಂತೆ ತಿಳಿಯುತ್ತವೆ. ಅಲ್ಲಿ ಮೊಳೆಯಿಂದ ಚುಚ್ಚಿ, ರಬ್ಬರಿನ ಎರಡೂ ಬದಿಗೆ ಸೀಲೆಂಟ್ ಬಳಿದು, ಮೇಲಿನ ಉಂಗುರವನ್ನು ಕೂರಿಸಿ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಒಂದೇ ಕಡೆಯಿಂದ ಬಿಗಿಯುತ್ತಾ ಹೋದರೆ ರಬ್ಬರು ಇನ್ನೊಂದು ಕಡೆ ಮಡಿಕೆ ಬೀಳುತ್ತದೆ. ಸುತ್ತಲೂ ಸೀಲೆಂಟ್ ಸಮನಾಗಿ ಉಬ್ಬಿ ಬಂದ ಮೇಲೆಯೇ ನಡುವಿನ ವೃತ್ತವನ್ನು ಕತ್ತರಿಸಿದ್ದು. ಬ್ಲೇಡು ಹಿಡಿದದ್ದು ಪ್ಲಂಬರ್. ನನ್ನ ಕೈ ನಡುಗುತ್ತಿತ್ತೆಂದು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಪಿವಿಸಿ ಜೋಡಣೆಯಲ್ಲಿ ಅವರ ಕೈ ಪಳಗಿದ್ದು. ಸಾಲ್ವೆಂಟ್ ಅಂಟಿನಂತೆ ಹಿಡಿದುಕೊಳ್ಳುವುದಿಲ್ಲ, ಎರಡೂ ಮೈಯನ್ನು ಕರಗಿಸಿ ಒಂದಾಗಿಸುತ್ತದೆ. ಕತ್ತರಿಸಿದ ಅಂಚಿನ ಚೂರು ಕೆರೆದು, ಒರೆಸಿ, ಎರಡೂ ಕಡೆ ಬಳಿದು, ಕಾಲು ಸುತ್ತು ತಿರುಗಿಸುತ್ತಾ ಒತ್ತಿದರು. ಒತ್ತಿದ ಮೇಲೆ ಅರ್ಧ ನಿಮಿಷ ಕೈ ಬಿಡಲಿಲ್ಲ. ಸಾಕೆಟ್ಟು ಒಳಗೆ ಹೋದಂತೆ ಕಿರಿದಾಗುವುದರಿಂದ ಕೈ ಬಿಟ್ಟರೆ ಪೈಪು ಮೆಲ್ಲಗೆ ಹಿಂದಕ್ಕೆ ಜಾರುತ್ತದೆ. ಪಂಪಿನ ಎರಡೂ ಬದಿಗೆ ಕೈಯಲ್ಲೇ ಬಿಚ್ಚಬಹುದಾದ ಯೂನಿಯನ್ ಜೋಡಣೆ ಮತ್ತು ನೀರು ತಡೆಯುವ ಬಾಲ್ ವಾಲ್ವ್ ಹಾಕಿಸಿದೆ. ನಾಳೆ ಪಂಪು ಬಿಚ್ಚಬೇಕಾದರೆ ಗರಗಸ ಹುಡುಕಬೇಕಿಲ್ಲ.

ಸಂಜೆ ನೋಡಿದರೆ ಪಂಪಿನ ಮುಂದಿನ ಪೈಪಿನಲ್ಲಿ ನಾನು ಹೇಳದ ಒಂದು ಟೀ, ಅಂದರೆ ಪೈಪು ಕವಲೊಡೆಯುವ ಜೋಡಣೆ. "ಕಾರಂಜಿಗೆ ಬೇಕಾಗುತ್ತದೆ ಸಾರ್, ಇರಲಿ" ಎಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ! ಕೊಳದಲ್ಲಿ ಸುಮಾರು 6,500 ಲೀಟರ್ ನೀರು ಹಿಡಿಯುತ್ತದೆ. ಗಿಡ ಹೆಚ್ಚು, ಮೀನು ಕಡಿಮೆ ಇದ್ದರೆ ಎರಡು ಗಂಟೆಗೊಮ್ಮೆ ಪೂರ್ತಿ ನೀರು ಫಿಲ್ಟರ್ ಹಾಯ್ದರೆ ಸಾಕು. ಕೋಯಿಯಂಥ ಹೊಟ್ಟೆಬಾಕ ಮೀನಿಗೆ ಗಂಟೆಗೊಮ್ಮೆ ಬೇಕು. ನಾನು ಎರಡನೆಯದಕ್ಕೆ ಲೆಕ್ಕ ಹಾಕಿ ಪಂಪು ತಂದಿದ್ದೇನೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ, ಗಂಟೆಗಿಷ್ಟು ಲೀಟರ್ ಎಂಬ ಸಂಖ್ಯೆ ನೀರನ್ನು ಒಂದಿಂಚೂ ಮೇಲೆತ್ತದಿದ್ದಾಗಿನದು. ಎತ್ತರ ಏರಿದಂತೆ ಅದು ಹೇಗೆ ಕುಸಿಯುತ್ತದೆಂಬ ಗೆರೆ ಒಳಗಿನ ಕಾಗದದಲ್ಲಿರುತ್ತದೆ, ನೋಡಬೇಕಾದದ್ದು ಅದನ್ನು. ಅದರಲ್ಲಿ ಕಾರಂಜಿಗೆ ಪಾಲು ಕೊಡುವಷ್ಟು ಉಳಿಯುವುದಿಲ್ಲ. ಟೀಗೆ ಎಂಡ್ ಕ್ಯಾಪ್ ಹಾಕಿಸಿದೆ.

11 ಫೆಬ್ರವರಿ, ಮಂಗಳವಾರ

ಜೋಡಣೆಗಳು ಒಣಗಿದವು, ನೀರು ತುಂಬಿಸಿದೆ. ಕಂದಕವನ್ನು ಇನ್ನೂ ಮುಚ್ಚಿಲ್ಲ. ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಸುತ್ತಿಟ್ಟಿದ್ದೆ, ಒದ್ದೆಯಾದದ್ದು ಒಂದೇ, ಪೈಪನ್ನು ಪಂಪಿಗೆ ತಿರುಗಿಸಿ ಬಿಗಿಯುವ ತಿರುಪಿನ ಜಾಗ. ಟೆಫ್ಲಾನ್ ಟೇಪನ್ನು ಬಿಚ್ಚಿ, ತಿರುಪು ಬಿಗಿಯುವ ದಿಕ್ಕಿಗೇ ಮತ್ತೆ ಸುತ್ತಿದ ಮೇಲೆ ಸೋರಿಕೆ ನಿಂತಿತು. ಪಂಪು ಓಡುವಾಗ ಕೊಳಕ್ಕೂ ಮೊದಲ ಡ್ರಮ್ಮಿಗೂ ಮಟ್ಟದ ವ್ಯತ್ಯಾಸ ಒಂದು ಬೆರಳಗಲ. ಪ್ಲಂಬರನ್ನು ಫೋನಿನಲ್ಲಿ ಕರೆದು ಹೇಳುವಷ್ಟು ಸಣ್ಣತನ ನನ್ನಲ್ಲಿದೆ, ಹೇಳಿದೆ.

ಮೊದಲ ಡ್ರಮ್ಮು 200 ಲೀಟರಿನದು, ನೀರು ಅದರಲ್ಲಿ ನಿಲ್ಲುವುದು ಎರಡು ನಿಮಿಷಕ್ಕೂ ಕಡಿಮೆ. ಪೈಪನ್ನು ಗೋಡೆಗೆ ಓರೆಯಾಗಿ ಬಿಟ್ಟಿರುವುದರಿಂದ ನೀರು ಮೆಲ್ಲಗೆ ಸುತ್ತುತ್ತದೆ, ಭಾರದ ಕಸ ನಡುವಿಗೆ ಸರಿದು ಇಳಿಯುತ್ತದೆ. ತಳದ ವಾಲ್ವು ತೆರೆದರೆ ಅದು ನೇರವಾಗಿ ಗಿಡಗಳ ಪಾತಿಗೆ. ಹಗುರ ಕಸಕ್ಕೆ ಎರಡನೆಯದರಲ್ಲಿ ಬ್ರಷ್ಷುಗಳು. ಮೂರನೆಯದು ಬ್ಯಾಕ್ಟೀರಿಯಾಗಳ ಮನೆ. ಪ್ಲಾಸ್ಟಿಕ್ ಬಿಲ್ಲೆಗಳು ಗಾಳಿಗುಳ್ಳೆಗಳ ನಡುವೆ ಕುಣಿಯುತ್ತಿರುತ್ತವೆ. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಈ ಜೀವಿಗಳಿಗೆ ಸುಮಾರು 4.57 ಗ್ರಾಂ ಆಮ್ಲಜನಕ ಬೇಕು. ನೀರು ಹರಿಯದೆ ನಿಂತರೆ ಅದು ಸಾಲದು, ಆದ್ದರಿಂದ ಕರೆಂಟು ಉಳಿಸಲು ರಾತ್ರಿ ಪಂಪು ಆರಿಸುವ ಯೋಚನೆ ಇದ್ದವರು ಫಿಲ್ಟರಿನ ಯೋಚನೆ ಬಿಡುವುದು ಒಳ್ಳೆಯದು. ಯುವಿ ದೀಪ ಪಂಪಿನ ನಂತರ, ವಾಪಸು ಪೈಪಿನಲ್ಲಿದೆ. ನೀರು ಹಸಿರಾಗಿಸುವ ಪಾಚಿಗೆ ಅದು ಸಾಕು, ಕಲ್ಲಿಗೆ ಅಂಟಿದ ಎಳೆಪಾಚಿಗೆ ಕೈಯೇ ಗತಿ. ಎಲ್ಲದರ ಹಿಂದೆ, ಕರೆಂಟು ಸೋರಿದರೆ ತಾನಾಗಿ ಕಡಿದುಹಾಕುವ 30 ಮಿಲಿ ಆಂಪಿಯರಿನ ಲೀಕೇಜ್ ಬ್ರೇಕರ್.

ಮೀನು ಈಗಲೇ ಬೇಡ. ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುವುದು ಸಾಮಾನ್ಯ. ಅಮೋನಿಯಾ ಇಳಿದು, ಅದರ ಹಿಂದೆ ಏರುವ ನೈಟ್ರೈಟ್ ಕೂಡ ಸೊನ್ನೆಗೆ ಬರುವವರೆಗೆ ಪರೀಕ್ಷಾ ಕಿಟ್ಟಿನ ಬಣ್ಣ ನೋಡುತ್ತಿರಬೇಕು. ಅಷ್ಟರೊಳಗೆ ಕಂದಕಕ್ಕೆ ಮೊದಲು ಮರಳು, ಮೇಲೆ ಮಣ್ಣು. ಮುಚ್ಚುವ ಮುನ್ನ ಪ್ರತಿ ಪೈಪು ಕಾಂಪೌಂಡ್ ಗೋಡೆಯಿಂದ ಎಷ್ಟು ದೂರದಲ್ಲಿ ತಿರುಗುತ್ತದೆಂದು ಅಳೆದು ಬರೆದು, ಆ ಹಾಳೆಯನ್ನು ಪಂಪಿನ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸುತ್ತೇನೆ.