ಹಳೆ ಜಿಪ್ಸಿಯ ಸ್ಟೇರಿಂಗ್ ಕೆಲಸ: ಇಲ್ಲಿಯವರೆಗೆ ಆದದ್ದು

ಗಾಡಿ 1998ರ ಮಾರುತಿ ಜಿಪ್ಸಿ, 1298 ಸಿಸಿ ಎಂಜಿನ್. 1993ರಲ್ಲಿ ಎರಡೂ ಆಕ್ಸಲ್‌ಗಳನ್ನು 90 ಮಿ.ಮೀ. ಅಗಲ ಮಾಡಿದ ನಂತರದ ಮಾದರಿ, ಆದ್ದರಿಂದ ತಿರುವಿನಲ್ಲಿ ನಿಲ್ಲುವುದಕ್ಕೇನೂ ತೊಂದರೆಯಿಲ್ಲ. ತೊಂದರೆ ಇದ್ದದ್ದು ನೇರ ರಸ್ತೆಯಲ್ಲಿ. ಬೇಲೂರು–ಹಾಸನ ದಾರಿಯಲ್ಲಿ ಅರವತ್ತು ದಾಟಿದರೆ ಗಾಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲೆಯುತ್ತಿತ್ತು. ಸೇತುವೆಯ ಜೋಡಣೆಯ ಮೇಲೆ ಹತ್ತಿದಾಗ ಸ್ಟೇರಿಂಗ್ ಕೈಯಲ್ಲೇ ಗಡಗಡ ನಡುಗಿ, ವೇಗ ಇಳಿಸಿದ ಮೇಲಷ್ಟೇ ಸುಮ್ಮನಾಗುತ್ತಿತ್ತು. ಚಾರ್ಮಾಡಿ ಘಾಟಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇಳಿಯುವ ಗಾಡಿ ಇದು. ಹೀಗೇ ಬಿಡುವ ಹಾಗಿರಲಿಲ್ಲ.

ಕೇಳಿದ ಕಡೆಯೆಲ್ಲ ಸಿಕ್ಕ ಮೊದಲ ಸಲಹೆ ಒಂದೇ: "ಸಾರ್, ಹೊಸ ಡ್ಯಾಂಪರ್ ಹಾಕ್ಬಿಡಿ, ಸರಿ ಹೋಗುತ್ತೆ." ಸ್ಟೇರಿಂಗ್ ಡ್ಯಾಂಪರ್ ನಡುಕವನ್ನು ನುಂಗುತ್ತದೆ, ನಿಜ. ಆದರೆ ನಡುಕ ಹುಟ್ಟುವ ಜಾಗ ಬೇರೆ. ಅಲ್ಲಿ ಸವೆತ ಮುಂದುವರಿಯುತ್ತಲೇ ಇರುತ್ತದೆ, ಕೆಲವು ತಿಂಗಳಲ್ಲಿ ಹೊಸ ಡ್ಯಾಂಪರನ್ನೂ ತಿಂದುಹಾಕುತ್ತದೆ. ಹಾಗಾಗಿ ನೆಲದಿಂದ ಮೇಲಕ್ಕೆ ಹೋಗುವುದೆಂದು ತೀರ್ಮಾನಿಸಿದೆ: ಟೈರು, ವೀಲ್ ಬೇರಿಂಗ್, ಕಿಂಗ್‌ಪಿನ್ (ಚಕ್ರ ಎಡಬಲ ತಿರುಗುವ ಕೀಲು), ಬಾಲ್ ಜಾಯಿಂಟ್‌ಗಳು, ಸ್ಪ್ರಿಂಗ್ ತುದಿಯ ಬುಷ್, ಕಟ್ಟಕಡೆಗೆ ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ಕಂಬದ ಬುಡದ ಗೇರ್ ಪೆಟ್ಟಿಗೆ).

ಜನವರಿ

ಕಾಫಿ ಕೊಯ್ಲಿನ ನಡುವೆ ಪರೀಕ್ಷೆಯಷ್ಟೇ ಆಯಿತು. ಟೈರು ಬ್ಯಾಲೆನ್ಸ್ ಮಾಡಿಸಿದ್ದರಿಂದ ಸಣ್ಣ ಕಂಪನ ಹೋಯಿತು, ಅಲೆದಾಟ ಹೋಗಲಿಲ್ಲ.

ಮುಂದಿನ ಚಕ್ರ ಜಾಕ್ ಮೇಲೆತ್ತಿ, ಟೈರಿನ ಮೇಲ್ತುದಿ ಕೆಳತುದಿ ಹಿಡಿದು ಅಲ್ಲಾಡಿಸಿದರೆ ಎರಡೂ ಕಡೆ ಆಟ (ಸಡಿಲಿಕೆ) ಇತ್ತು. ಇಲ್ಲೊಂದು ಉಪಾಯ ಹಳೆ ಗಾಡಿ ಇರುವವರೆಲ್ಲ ಕಲಿತಿರಬೇಕು. ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ವೀಲ್ ಬೇರಿಂಗ್ ಸಡಿಲ, ಹಾಗೇ ಉಳಿದರೆ ಕಿಂಗ್‌ಪಿನ್. ನನ್ನ ಗಾಡಿಯ ಬಲಗಡೆ ಬೇರಿಂಗ್ ಸ್ವಲ್ಪ, ಕಿಂಗ್‌ಪಿನ್ ಜಾಸ್ತಿ. ಎಡಗಡೆ ಪೂರ್ತಿ ಕಿಂಗ್‌ಪಿನ್ನೇ.

ಫೆಬ್ರವರಿ, ಮಾರ್ಚ್

ಇಡೀ ಕೆಲಸದ ಜೀವ ಇಲ್ಲಿದೆ. ಜಿಪ್ಸಿಯ ಮುಂದಿನ ಆಕ್ಸಲ್‌ನ ತುದಿಯಲ್ಲಿ ಒಂದು ಗುಂಡು, ಅದರ ಮೇಲೂ ಕೆಳಗೂ ಒಂದೊಂದು ಕಿಂಗ್‌ಪಿನ್, ಒಂದೊಂದು ಟೇಪರ್ ರೋಲರ್ ಬೇರಿಂಗ್. ಚಕ್ರ ಹೊತ್ತ ನಕಲ್ ತಿರುಗುವುದು ಇವುಗಳ ಮೇಲೆ. ಎಡಗಡೆ ಬಿಚ್ಚಿದಾಗ ಗ್ರೀಸಿನ ಬದಲು ಕಪ್ಪು ಗಂಜಿಯಂಥ ದ್ರವ ಸುರಿಯಿತು. ಒಳಗಿನ ಆಯಿಲ್ ಸೀಲ್ ಸೋತು ಡಿಫರೆನ್ಷಿಯಲ್ ಆಯಿಲ್ ಬಂದು ಗ್ರೀಸನ್ನು ಕರಗಿಸಿತ್ತು. ನಕಲ್ ಹಿಂಬದಿಯ ಬಟ್ಟೆಯಂಥ ಫೆಲ್ಟ್ ಹರಿದು ಹಳ್ಳದ ನೀರು, ಮಣ್ಣು ಎರಡೂ ಒಳಸೇರಿದ್ದವು. ಕೆಳಗಿನ ಬೇರಿಂಗ್ ತುಕ್ಕು ಹಿಡಿದಿತ್ತು.

ಬೇರಿಂಗ್ ಕಪ್ (ರೋಲರ್‌ಗಳು ಓಡುವ ಹೊರಬಳೆ) ಒರೆಸಿ ಬೆಳಕಿಗೆ ಹಿಡಿದರೆ ಕಾರಣ ಕಣ್ಣಿಗೇ ಕಂಡಿತು: ರೋಲರ್‌ಗಳು ಕೂತ ಜಾಗದಲ್ಲೆಲ್ಲ ಸಾಲಾಗಿ ಸಣ್ಣ ತಗ್ಗುಗಳು. ಗಾಡಿ ಬಹುಪಾಲು ನೇರವಾಗಿಯೇ ಓಡುವುದರಿಂದ ರೋಲರ್‌ಗಳು ಒಂದೇ ಜಾಗದಲ್ಲಿ ಹೊಡೆತ ತಿಂದು ಕಪ್ಪನ್ನು ತಗ್ಗು ಮಾಡಿಬಿಡುತ್ತವೆ. ಆಮೇಲೆ ನಡುವಿನಲ್ಲಿ ಸಡಿಲ, ಸ್ವಲ್ಪ ತಿರುಗಿಸಿದರೆ ಬಿಗಿ. ಗಾಡಿ ಅಲೆಯುವುದಕ್ಕೆ ಇನ್ನೇನು ಬೇಕು?

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬೇರಿಂಗ್, ಸೀಲ್, ಫೆಲ್ಟ್, ಶಿಮ್ (ತೆಳು ಲೋಹದ ಬಿಲ್ಲೆ) ತರಿಸಿದೆ. ಬೇರಿಂಗ್‌ಗೆ ಮಾತ್ರ ಅಗ್ಗದ ಮಾಲು ಬೇಡ. ಹಳೆ ಕಪ್ ಹೊಡೆದು ತೆಗೆದು ಹೊಸದನ್ನು ತಳ ಮುಟ್ಟುವವರೆಗೆ ಕೂರಿಸಬೇಕು. ಹೊಡೆಯುವಾಗ ಶಬ್ದ ಬದಲಾದರೆ ಕೂತಿತೆಂದು ಅರ್ಥ.

ಮುಂದಿನದು ಬಿಗಿ ಹೊಂದಿಸುವುದು. ಕಿಂಗ್‌ಪಿನ್ ಕೆಳಗಿನ ಶಿಮ್ ತೆಗೆದಷ್ಟೂ ಬೇರಿಂಗ್ ಬಿಗಿಯಾಗುತ್ತದೆ. ಕೈಯಂದಾಜು ಇಲ್ಲಿ ನಡೆಯುವುದಿಲ್ಲ. ಸೀಲ್ ಹಾಕುವ ಮೊದಲು, ಟೈ ರಾಡ್ (ಎರಡೂ ಚಕ್ರ ಜೋಡಿಸುವ ಸರಳು) ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದು, ನಕಲ್ ಎಷ್ಟು ಎಳೆತಕ್ಕೆ ಕದಲುತ್ತದೆಂದು ನೋಡಬೇಕು. ಹಣ್ಣು ತೂಗುವ ತೋಟದ ತಕ್ಕಡಿಯಲ್ಲಿ ಇಷ್ಟು ಕಡಿಮೆ ತೂಕ ಕಾಣುವುದಿಲ್ಲ, ಮೀನು ತೂಗುವ ಚಿಕ್ಕದು ಕೊಂಡೆ. ಒಂದೂವರೆ ಕಿಲೋ ಹತ್ತಿರ ಎರಡೂ ಕಡೆ ಸಮವಾಗಿ ನಿಲ್ಲಿಸಿದೆ. ಈ ಬಿಗಿಯೇ ನಡುಕಕ್ಕೆ ನಿಜವಾದ ಕಡಿವಾಣ. ಡ್ಯಾಂಪರ್ ಅದಕ್ಕೆ ಸಹಾಯಕ ಮಾತ್ರ.

ಮೊದಲ ಓಟದಲ್ಲೇ ಗಡಗಡ ನಿಂತಿತು. ಎಷ್ಟು ಸಂತೋಷವಾಯಿತೆಂದರೆ ಹಾಸನದವರೆಗೂ ಹೋಗಿ ಬಂದೆ.

ಏಪ್ರಿಲ್

ಉಳಿದದ್ದು ಅಲೆದಾಟ. ಟೈ ರಾಡ್, ಸ್ಟೇರಿಂಗ್ ಬಾಕ್ಸಿನಿಂದ ಬರುವ ಸರಳಾದ ಡ್ರ್ಯಾಗ್ ಲಿಂಕ್, ಇವುಗಳ ಬಾಲ್ ಜಾಯಿಂಟ್ ಬದಲಾದವು. ಮುಂದಿನ ಸ್ಪ್ರಿಂಗ್ ಬುಷ್‌ಗಳು ಮೊಟ್ಟೆಯಾಕಾರಕ್ಕೆ ಸವೆದಿದ್ದವು, ಅವೂ ಹೊಸವು. ಚಕ್ರದ ಮುಂದೆ ಹಿಂದೆ ಸೀಮೆಸುಣ್ಣದ ಗುರುತು ಹಾಕಿ ಟೇಪಿನಲ್ಲಿ ಅಳೆದು ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ಸರಿದಿರುವ ಅಳತೆ) 3 ಮಿ.ಮೀ. ಇಟ್ಟೆ.

ಆಮೇಲೆ ಶ್ಯಾಕಲ್, ಅಂದರೆ ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ. ಹಿಂದಿನ ಮಾಲೀಕರು ಗಾಡಿ ಎತ್ತರ ಕಾಣಲೆಂದು ಮುಂದೆ ಉದ್ದದ ಶ್ಯಾಕಲ್ ಹಾಕಿಸಿದ್ದರು. ಜಿಪ್ಸಿಯ ಮುಂದಿನ ಸ್ಪ್ರಿಂಗಿಗೆ ಶ್ಯಾಕಲ್ ಇರುವುದು ಮುಂದಿನ ತುದಿಯಲ್ಲಿ. ಅದು ಉದ್ದವಾದರೆ ಆಕ್ಸಲ್ ಮುಂದಕ್ಕೆ ಬಾಗಿ ಕ್ಯಾಸ್ಟರ್ (ಕಿಂಗ್‌ಪಿನ್ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಕ್ಯಾಸ್ಟರ್ ಹೋದರೆ ಚಕ್ರಕ್ಕೆ ತಾನಾಗಿ ನೇರಕ್ಕೆ ಮರಳುವ ಗುಣವೇ ಹೋಗುತ್ತದೆ. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ, ದಪ್ಪ ಭಾಗ ಮುಂದೆ ಬರುವ ಹಾಗೆ, ಓರೆ ಪಟ್ಟಿ ಇಟ್ಟು ಸರಿಮಾಡುವವರಿದ್ದಾರೆ. ಆದರೆ ಅದರಿಂದ ಡಿಫರೆನ್ಷಿಯಲ್ ಮೂತಿ ಕೆಳಗಾಗಿ, ಫೋರ್ ವೀಲ್ ಹಾಕಿದಾಗ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಮೇಲೆ ಕೋನ ಹೆಚ್ಚುತ್ತದೆ. ಕಂಪನಿ ಅಳತೆಯ ಶ್ಯಾಕಲ್ಲನ್ನೇ ವಾಪಸ್ ಹಾಕಿದೆ. ಎತ್ತರ ಕಡಿಮೆಯಾಯಿತು, ಈಗ ತಿರುವು ಮುಗಿದ ಕೂಡಲೇ ಸ್ಟೇರಿಂಗ್ ಅಂಗೈಯಲ್ಲಿ ತಾನೇ ಜಾರಿ ನೇರವಾಗುತ್ತದೆ.

ಈಗಿನ ಸ್ಥಿತಿ

ಎಂಬತ್ತರಲ್ಲಿ ಗಾಡಿ ಗೆರೆ ಹಿಡಿದು ಓಡುತ್ತಿದೆ. ಸ್ಟೇರಿಂಗ್ ಚಕ್ರದ ಅಂಚಿನಲ್ಲಿ ಇನ್ನೂ ಒಂದು ಇಂಚಿನಷ್ಟು ಆಟ ಉಳಿದಿದೆ, ಅದು ಬಾಕ್ಸಿನದು. ಬಾಕ್ಸ್ ಮೇಲಿನ ಸ್ಕ್ರೂ ಬಿಗಿ ಮಾಡುವುದು ಸುಲಭ, ಅದಕ್ಕೇ ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ಆದರೆ ಬಾಕ್ಸ್ ಸವೆಯುವುದು ನಡುವಿನಲ್ಲಿ. ನಡುವಿನ ಆಟ ಪೂರ್ತಿ ಹೋಗುವಷ್ಟು ಬಿಗಿದರೆ ತಿರುವಿನಲ್ಲಿ ಹಿಡಿದುಕೊಂಡು, ಗಳಿಸಿದ ಮರಳುವ ಗುಣವೂ ಕೈತಪ್ಪುತ್ತದೆ. ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಓಡಿಸಿ ನೋಡಿ ನಿರ್ಧರಿಸುತ್ತೇನೆ. ಅದಕ್ಕೂ ಮೊದಲು ಬಾಕ್ಸ್ ಕೂತಿರುವ ಚಾಸಿಯ ಬೋಲ್ಟ್‌ಗಳ ಸುತ್ತ ಬಿರುಕಿದೆಯೇ ಎಂದು ಉಜ್ಜಿ ನೋಡಬೇಕು. ಮಳೆಗಾಲ ಕಳೆದ ಮೇಲೆ ಎಡಗಡೆಯ ನಕಲ್ ಪ್ಲಗ್ ತೆಗೆದು ಗ್ರೀಸ್ ಗಟ್ಟಿಯಾಗಿಯೇ ಇದೆಯೇ ಎಂಬುದನ್ನೂ ಪರೀಕ್ಷಿಸುವುದಿದೆ.