ಏಳು ಬಿಲ್ಲೆ, ಏಳು ಸಂಜೆ

ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಮರದ ಬಿಲ್ಲೆಗಳಿಗೆ ಡಿಸೆಂಬರ್ 20ಕ್ಕೆ ಕೊಂಬೆ ಕೊಯ್ಯಲು ಕೂತರೆ ಕೆಲಸ ಕೆಟ್ಟಂತೆಯೇ. ಹಸಿ ಮರ ಯಾರ ಅವಸರಕ್ಕೂ ಒಣಗುವುದಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವೇ ಆಗಮನ ಕಾಲ; ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಅದರ ಮೊದಲ ಭಾನುವಾರವೇ ಗರಗಸ ಹಿಡಿದರೆ ಲೆಕ್ಕ ಸರಿಹೋಗುತ್ತದೆ. ಕಾಯುವುದಕ್ಕೆಂದೇ ಇರುವ ದಿನಗಳು ಅವು. ಮರವೂ ಜೊತೆಗೆ ಕಾಯಲಿ.

ಬಿಲ್ಲೆ ಏಳು ಬೇಕು. ಪಶ್ಚಿಮದ ಕ್ರೈಸ್ತ ಸಭೆಯ ಹಳೆಯ ರೂಢಿಯಂತೆ ಡಿಸೆಂಬರ್ 17ರಿಂದ 23ರವರೆಗಿನ ಸಂಜೆಯ ಪ್ರಾರ್ಥನೆಗಳಲ್ಲಿ ಬರಲಿರುವ ಕ್ರಿಸ್ತನನ್ನು ದಿನಕ್ಕೊಂದು ಹೆಸರಿನಿಂದ ಕರೆಯುತ್ತಾರೆ: ಜ್ಞಾನ, ಪ್ರಭು, ಇಷಯನ (ದಾವೀದನ ತಂದೆ) ಬೇರು, ದಾವೀದನ ಬೀಗದ ಕೈ, ಅರುಣೋದಯ, ಜನಾಂಗಗಳ ಅರಸ, ಇಮ್ಮಾನುವೇಲ್. ಹೆಸರಿಗೊಂದು ಬಿಲ್ಲೆ. ಆದರೆ ಕೊಯ್ಯುವುದು ಹತ್ತು. ಎರಡು ಮೂರು ಬಿರುಕು ಬಿಟ್ಟೇ ಬಿಡುತ್ತವೆ.

ನಾಲ್ಕೈದು ಸೆಂ.ಮೀ. ಅಡ್ಡಳತೆಯ ಕೊಂಬೆ, ಸಣ್ಣ ಹಲ್ಲಿನ ಗರಗಸ, 8 ಮಿ.ಮೀ. ದಪ್ಪ. ಐದಕ್ಕಿಂತ ತೆಳುವಾದರೆ ಒಣಗುವಾಗ ಬಾಗುತ್ತದೆ, ಕೈಜಾರಿದರೆ ಎರಡು ಹೋಳು. ಗರಗಸ ಕೆಳಗಿನ ತೊಗಟೆ ಮುಟ್ಟುವಾಗ ಕೈ ಹಗುರ ಮಾಡಬೇಕು. ಇಲ್ಲದಿದ್ದರೆ ತೊಗಟೆ ಕಿತ್ತು ಬರುತ್ತದೆ.

ಹೆಚ್ಚಿನವರು ಸೋಲುವುದು ಒಣಗಿಸುವಲ್ಲಿ. ಮರ ಒಣಗುತ್ತಾ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೋ ಉಂಗುರಗಳ ಸುತ್ತಿನಲ್ಲಿ ಸುಮಾರು ಅದರ ಎರಡರಷ್ಟು ಕುಗ್ಗುತ್ತದೆ. ಆ ಸೆಳೆತ ತಾಳಲಾರದೆ ಅಂಚಿನಿಂದ ನಡುವಿನವರೆಗೆ ಸೀಳುತ್ತದೆ. ಬಿಸಿಲು, ಒಲೆಯ ಪಕ್ಕ, ಫ್ಯಾನಿನ ಗಾಳಿ ಯಾವುದೂ ಬೇಡ. ಕಾಗದದ ಚೀಲದಲ್ಲಿ, ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ದಿನಕ್ಕೊಮ್ಮೆ ತಿರುಗಿಸಿ. ಅಡುಗೆಮನೆಯ ತಕ್ಕಡಿಯಲ್ಲಿ ಮೂರು ದಿನ ಒಂದೇ ತೂಕ ಬಂತೆಂದರೆ ಒಣಗಿದೆ. ಅಗಲವಾಗಿ ಸೀಳಿದ್ದನ್ನು ಅಂಟು ತುಂಬಿ ಮುಚ್ಚುವುದು ವ್ಯರ್ಥ. ಕೂದಲೆಳೆಯಂಥ ಬಿರುಕನ್ನು ಮಾತ್ರ ಅರುಣೋದಯದ ಬಿಲ್ಲೆಗೆ ಎತ್ತಿಡಿ, ಕಿರಣವೊಂದು ತಾನೇ ಬರೆದುಕೊಂಡಿರುತ್ತದೆ.

ಆಮೇಲೆ 120ರ ಸ್ಯಾಂಡ್ ಪೇಪರ್, ಅದರ ಮೇಲೆ 220. ತೊಗಟೆಗೆ ತಾಗಿಸಬೇಡಿ. ಅಡ್ಡ ಕೊಯ್ದ ಮುಖದಲ್ಲಿ ಮರದ ನಾಳಗಳು ಬಾಯಿ ತೆರೆದಿರುತ್ತವೆ, ಶಾಯಿ ತಾಗಿದರೆ ಹೀರಿ ಹರಡಿಬಿಡುತ್ತವೆ. ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ ತೆಳುವಾಗಿ ಸವರಿ, ಪೂರ್ತಿ ಒಣಗಿದ ಮೇಲೆ ಗೆರೆ ಎಳೆಯಿರಿ.

ಜ್ಞಾನಕ್ಕೆ ತೆರೆದ ಪುಸ್ತಕ, ಪ್ರಭುವಿಗೆ ಮೋಶೆ ಕಂಡ ಉರಿಯುವ ಪೊದೆ, ಅರಸನಿಗೆ ಕಿರೀಟ, ಇಮ್ಮಾನುವೇಲನಿಗೆ ಗೋದಲಿ. ಇವಕ್ಕೆ ಮೂರು ನಾಲ್ಕು ಗೆರೆ ಸಾಕು. ಮೂರನೆಯದಕ್ಕೆ ಅಷ್ಟೂ ಬೇಡ. ಇಷಯನ ಬುಡದಿಂದ ಚಿಗುರೊಡೆಯುವುದನ್ನು ಯೆಶಾಯನ ಗ್ರಂಥದ 11ನೇ ಅಧ್ಯಾಯ ಹೇಳುತ್ತದೆ. ಕೈಯಲ್ಲಿರುವುದೇ ಕಡಿದ ಬುಡ: ಉಂಗುರಗಳಿವೆ, ಗರಗಸದ ಗಾಯವಿದೆ, ನಡುವೆ ಕಡ್ಡಿಮೊನೆಯಷ್ಟು ಕಂದು ತಿರುಳು. ಆ ಚುಕ್ಕಿಯಿಂದ ಮೇಲಕ್ಕೆ ಒಂದು ಗೆರೆ, ತುದಿಗೆ ಎರಡು ಎಲೆ. ಏಳರಲ್ಲಿ ಇದನ್ನೇ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದಿರಬೇಕೆನಿಸುತ್ತದೆ. ಉಳಿದವು ಮರದ ಮೇಲಿನ ಚಿತ್ರಗಳು, ಇಲ್ಲಿ ಮರವೇ ವಚನ.

ಮೇಣ ಹಚ್ಚುವ ಮೊದಲು ಬೆನ್ನಿಗೆ ಆಯಾ ಹೆಸರಿನ ಲ್ಯಾಟಿನ್ ಮೊದಲಕ್ಷರ ಬರೆಯಿರಿ: ಕ್ರಮವಾಗಿ S, A, R, C, O, R, E. ಏಳನ್ನೂ ಕೊನೆಯಿಂದ ಮೊದಲಿಗೆ ಓದಿದರೆ ‘ಎರೊ ಕ್ರಾಸ್’ ಎಂದಾಗುತ್ತದೆ, ‘ನಾಳೆ ನಾನು ಇರುವೆ’ ಎಂದು. ಎರಡೂ ಮುಖಕ್ಕೆ ಜೇನುಮೇಣವನ್ನು ಬಟ್ಟೆಯಿಂದ ತಿಕ್ಕಿದರೆ ಸಾಕು. ಅಗಸೆ ಎಣ್ಣೆ ಆರುವಷ್ಟರಲ್ಲಿ ಹಬ್ಬವೇ ಮುಗಿದಿರುತ್ತದೆ, ಜೊತೆಗೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳುವ ಭಯ.

ತೂತಿಗೆ 3 ಮಿ.ಮೀ. ಬಿಟ್, ತೊಗಟೆಯಿಂದ 6 ಮಿ.ಮೀ. ಒಳಗೆ, ಅಡಿಗೆ ಬೇಡದ ಹಲಗೆಯೊಂದು. ಹಲಗೆ ಇಲ್ಲದಿದ್ದರೆ ಹಿಂಬದಿ ಸಿಬಿರೇಳುತ್ತದೆ. 17ರದ್ದು ಮೇಲೆ, ದಿನಕ್ಕೊಂದು ಅದರ ಕೆಳಗೆ ದಾರದಿಂದ ಸೇರುತ್ತಾ ಹೋಗಲಿ. 23ರ ಸಂಜೆ ಬೆನ್ನು ತಿರುಗಿಸಿ ಕೆಳಗಿನಿಂದ ಮೇಲಕ್ಕೆ ಓದಬಹುದು. ಹೀಗೆ ಕಟ್ಟುವುದಾದರೆ ಮೊದಲ ಆರಕ್ಕೆ ಅಡಿಯಲ್ಲೂ ಒಂದೊಂದು ತೂತು ಬೇಕು. ಗೋದಲಿಯದಕ್ಕೆ ಬೇಡ.