ಮೂರು ಬಣ್ಣದ ಗಂಡುಬೆಕ್ಕು: ಕಥೆ ತಿದ್ದುವ ಕೆಲಸದಲ್ಲಿ ಕಲಿತದ್ದು

ಬೆಂಗಳೂರಿನ ಒಂದು ವಾರಪತ್ರಿಕೆಗೆ ಬರುವ ಸಣ್ಣಕಥೆಗಳನ್ನು ಆರಿಸಿ, ತಿದ್ದಿ, ಪುಟಕ್ಕೆ ಸಿದ್ಧಗೊಳಿಸುವ ಕೆಲಸವನ್ನು ನಾನು 11 ವರ್ಷಗಳಿಂದ ಮಾಡುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ, ಫೆಬ್ರವರಿಯ ಒಂದು ಸಂಚಿಕೆಗಾಗಿ, ಸಾಕುಪ್ರಾಣಿಯ ನೆಪದಲ್ಲಿ ಇಬ್ಬರು ಹತ್ತಿರವಾಗುವ ಪ್ರೇಮಕಥೆಗಳನ್ನು ಆಹ್ವಾನಿಸಿದ್ದೆವು. ವಿಷಯ ಹಗುರವಾಗಿದ್ದುದರಿಂದ ಕೆಲಸವೂ ಹಗುರವಾಗಿರುತ್ತದೆಂದು ನಾನು ಎಣಿಸಿದ್ದೆ. ನನ್ನ ವೃತ್ತಿಯಲ್ಲಿ ನಾನು ಇಂದಿಗೂ ನಾಚಿಕೊಳ್ಳುವ ತಪ್ಪು ಅಚ್ಚಾದದ್ದು ಆ ಸಂಚಿಕೆಯಲ್ಲಿಯೇ; ‘ಬೂದು’ ಎಂಬ ಒಂದು ಪದವನ್ನು ಹೊಡೆದುಹಾಕಿ ‘ಮೂರು’ ಎಂದು ಬರೆದದ್ದಷ್ಟೇ ಆ ತಪ್ಪು.

ಕಥೆ ಶಿವಮೊಗ್ಗದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರದು. ಒಂದೇ ವಠಾರದ ಮಹಡಿಯಲ್ಲಿ ನಡುವಯಸ್ಸು ದಾಟಿದ ಅವಿವಾಹಿತ ಗುಮಾಸ್ತ, ಕೆಳಗಿನ ಮನೆಯಲ್ಲಿ ಹೊಲಿಗೆ ಮಾಡಿ ಬದುಕುವ ವಿಧವೆ. ನಲ್ಲಿ ನೀರಿನ ಸರದಿಯ ವಿಷಯದಲ್ಲಿ ಜಗಳವಾಗಿ ಇಬ್ಬರ ನಡುವೆ ಎರಡು ವರ್ಷಗಳಿಂದ ಮಾತಿಲ್ಲ. ಆತನಿಗೆ ಬೂದು ಬಣ್ಣದ ಗಂಡುಬೆಕ್ಕು, ಆಕೆಗೆ ಅಚ್ಚ ಬಿಳಿಯ ಹೆಣ್ಣುಬೆಕ್ಕು. ಒಂದು ದಿನ ಆಕೆಯ ಬೆಕ್ಕು ನಾಲ್ಕು ಮರಿ ಹಾಕುತ್ತದೆ. ಅವುಗಳಲ್ಲಿ ಎರಡು ಬಿಳಿ, ಎರಡು ಬೂದು. ಮರಿಗಳನ್ನು ಮೊರದಲ್ಲಿಟ್ಟುಕೊಂಡು, ಈ ಎರಡರ ಹೊಣೆ ನಿಮ್ಮದು ಎಂದು ಹೇಳುವುದಕ್ಕಾಗಿ, ಆಕೆ ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಆ ಮೆಟ್ಟಿಲುಗಳನ್ನು ಹತ್ತುತ್ತಾಳೆ. ವಠಾರದವರು ಅವರಿಬ್ಬರನ್ನೂ ‘ಬೀಗರು’ ಎಂದು ಛೇಡಿಸತೊಡಗುತ್ತಾರೆ. ಮುಂದಿನದನ್ನು ಓದುಗರು ಊಹಿಸಬಲ್ಲರು. ಆದರೆ ಊಹಿಸಿದ ಮೇಲೂ ಓದಬೇಕೆನಿಸುವಂತೆ ಆಕೆ ಬರೆದಿದ್ದರು.

ಕಲಾವಿದರಿಗೆ ನಾನು ಕಥೆಯ ಪೂರ್ಣ ಪ್ರತಿಯನ್ನು ಕಳುಹಿಸದೆ, ಮೆಟ್ಟಿಲ ಮೇಲೆ ಬೆಕ್ಕು, ಕೆಳಗೆ ಮೊರ ಹಿಡಿದ ಹೆಂಗಸು ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದೆ. ಚಿತ್ರ ಬಂದಾಗ ಬೆಕ್ಕಿನ ಮೈಮೇಲೆ ಬಿಳಿ, ಕಪ್ಪು, ಕಿತ್ತಳೆ ಮೂರೂ ಬಣ್ಣಗಳಿದ್ದವು. ಚಿತ್ರ ಬಹಳ ಚೆನ್ನಾಗಿತ್ತು, ಪುಟ ಮುದ್ರಣಕ್ಕೆ ಹೋಗುವುದಕ್ಕೆ ಎರಡು ಗಂಟೆಯೂ ಉಳಿದಿರಲಿಲ್ಲ, ಚಿತ್ರವನ್ನು ತಿದ್ದಿಸುವುದಕ್ಕಿಂತ ಪದವನ್ನು ತಿದ್ದುವುದು ಸುಲಭವಾಗಿತ್ತು. ‘ಬೂದು ಬಣ್ಣದ’ ಎಂದಿದ್ದ ಕಡೆಯೆಲ್ಲ ‘ಮೂರು ಬಣ್ಣದ’ ಎಂದು ಮಾಡಿ, ಮರಿಗಳಿಗೂ ಅದೇ ಬಣ್ಣ ಹಚ್ಚಿ, ಲೇಖಕಿಗೆ ಒಂದು ಮಾತೂ ತಿಳಿಸದೆ ಪುಟವನ್ನು ಬಿಟ್ಟುಕೊಟ್ಟೆ.

ಸಂಚಿಕೆ ಹೊರಬಂದ ಮೂರನೆಯ ದಿನ ಪಶುವೈದ್ಯರೊಬ್ಬರ ಪತ್ರ ಬಂತು. ಬೆಕ್ಕುಗಳಲ್ಲಿ ಕಿತ್ತಳೆ ಬಣ್ಣವನ್ನು ನಿರ್ಧರಿಸುವ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುತ್ತದೆ. ಗಂಡುಬೆಕ್ಕಿಗೆ ಇರುವುದು ಒಂದೇ ಎಕ್ಸ್ ಆದ್ದರಿಂದ ಅದರ ಮೈಮೇಲೆ ಕಿತ್ತಳೆ ಬರಬಹುದು ಅಥವಾ ಕಪ್ಪು ಬರಬಹುದು. ಎರಡೂ ಒಟ್ಟಿಗೆ ಬರಬೇಕಾದರೆ ಎರಡು ಎಕ್ಸ್ ಬೇಕು. ಆದುದರಿಂದ ಮೂರು ಬಣ್ಣದ ಬೆಕ್ಕುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಅಪರೂಪಕ್ಕೆ ಒಂದು ಹೆಚ್ಚುವರಿ ಎಕ್ಸ್ ಹೊತ್ತು ಹುಟ್ಟುವ ಗಂಡಿಗೆ ಈ ಬಣ್ಣ ಬಂದರೂ ಅದಕ್ಕೆ ಸಾಮಾನ್ಯವಾಗಿ ಸಂತಾನಶಕ್ತಿ ಇರುವುದಿಲ್ಲ. ಇಷ್ಟನ್ನೂ ಸಮಾಧಾನದಿಂದ ವಿವರಿಸಿದ ಆ ವೈದ್ಯರು, ಹೀಗಿರುವಾಗ ನಿಮ್ಮ ವಠಾರದ ಬೀಗತನ ಊರ್ಜಿತವಾಗುವುದು ಕಷ್ಟ ಎಂದು ಕೊನೆಯಲ್ಲಿ ಬರೆದಿದ್ದರು. ಸಂಪಾದಕರು ಅದನ್ನು ಓದಿ ನಕ್ಕರು; ನನಗೆ ನಗಲಾಗಲಿಲ್ಲ.

ಲೇಖಕಿಗೆ ನಾನೇ ಫೋನ್ ಮಾಡಿದೆ. ಅವರು ಅಷ್ಟು ಹೊತ್ತಿಗೆ ಪತ್ರಿಕೆಯನ್ನು ನೋಡಿದ್ದರು. ಸಿಟ್ಟಾಗುತ್ತಾರೆಂದು ಸಿದ್ಧಳಾಗಿದ್ದ ನನಗೆ ಅವರು ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿಯೇ ಹೇಳಿದರು: “ನೋಡಮ್ಮ, ಬೂದು ಅಂತ ನಾನು ಬಾಯಿಗೆ ಬಂದಿದ್ದು ಬರೆದದ್ದಲ್ಲ. ಅವಳು ಮೆಟ್ಟಿಲು ಹತ್ತೋದಕ್ಕೆ ಆ ಬಣ್ಣವೇ ಕಾರಣ. ನೀನು ಬಣ್ಣ ತೆಗೆದೆ, ಅವಳು ಕೆಳಗೇ ಉಳಿದುಬಿಟ್ಟಳು.” ಮುಂದಿನ ಸಂಚಿಕೆಯಲ್ಲಿ, ತಪ್ಪು ಲೇಖಕಿಯದಲ್ಲ, ಪತ್ರಿಕೆಯದು ಎಂಬ ಸ್ಪಷ್ಟನೆಯನ್ನು ಅಚ್ಚು ಮಾಡಿದೆವು. ಸ್ಪಷ್ಟನೆಯನ್ನು ಎಷ್ಟು ಜನ ಓದುತ್ತಾರೆಂಬುದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು.

ಈ ಬಗೆಯ ಕಥೆಗಳಲ್ಲಿ ಪ್ರಾಣಿಯ ಮೈಯೇ ಕಥೆಯ ನಡೆಯನ್ನು ಹೊತ್ತಿರುತ್ತದೆ ಎಂಬುದು ನನಗೆ ತಿಳಿದದ್ದು ಆ ಫೋನಿನ ನಂತರವೇ. ಅಲ್ಲಿಯವರೆಗೆ ನಾಯಿಯೋ ಬೆಕ್ಕೋ ಇಬ್ಬರನ್ನು ಎದುರುಬದುರು ನಿಲ್ಲಿಸಿ ಪಕ್ಕಕ್ಕೆ ಸರಿಯುವ ಅಂಚೆಯಾಳು ಎಂದೇ ನಾನು ಓದುತ್ತಿದ್ದೆ, ಬಹುಪಾಲು ಲೇಖಕರೂ ಹಾಗೆಯೇ ಬರೆಯುತ್ತಿದ್ದರು. ಅಂಚೆಯಾಳಿನ ಪಾತ್ರ ನಮ್ಮ ಪರಂಪರೆಗೆ ಹೊಸದೇನಲ್ಲ. ನಳನ ಗುಣಗಳನ್ನು ದಮಯಂತಿಯ ಕಿವಿಗೆ ಹಾಕಿದ ಹಂಸ, ಕನಕದಾಸರ ‘ನಳಚರಿತ್ರೆ’ಯನ್ನು ಓದಿದ ಮನೆಗಳಲ್ಲೆಲ್ಲ ಪರಿಚಿತವಾದದ್ದೇ. ಆದರೆ ಆ ಹಂಸ ಮಾತಾಡಬಲ್ಲದು. ಇಂದಿನ ವಾಸ್ತವದ ಕಥೆಯಲ್ಲಿ ಮಾತಿಲ್ಲದ ನಾಯಿಯಿಂದ ಹಂಸದ ಕೆಲಸ ಮಾಡಿಸಲು ಹೊರಟರೆ ಅದು ಸರಿಯಾದ ಗಳಿಗೆಗೆ ಸರಪಳಿ ಕಿತ್ತುಕೊಂಡು, ಸರಿಯಾದ ವ್ಯಕ್ತಿಯ ಮೇಲೆಯೇ ಹಾರಬೇಕಾಗುತ್ತದೆ. ಆ ಫೆಬ್ರವರಿಗೆ ಬಂದ ಹಸ್ತಪ್ರತಿಗಳಲ್ಲಿ ಕಬ್ಬನ್ ಉದ್ಯಾನದಲ್ಲಿ ಹೀಗೆ ಹಾರಿದ ನಾಯಿಗಳ ಲೆಕ್ಕವನ್ನು ನಾನು ಅರ್ಧಕ್ಕೇ ಬಿಟ್ಟುಬಿಟ್ಟೆ.

ಅಂದಿನಿಂದ ಇಂತಹ ಕಥೆ ಕೈಗೆ ಬಂದಾಗ ನಾನು ಮೊದಲು ಕೇಳಿಕೊಳ್ಳುವುದು, ಈ ಪ್ರಾಣಿಗೆ ದಿನವೂ ಏನು ಬೇಕು, ಅದನ್ನು ಯಾರು ಮಾಡುತ್ತಾರೆ ಎಂಬುದನ್ನು. ಪ್ರೇಮ ಹುಟ್ಟುವುದಕ್ಕೆ ಒಂದು ಭೇಟಿ ಸಾಲದು, ಮತ್ತೆ ಮತ್ತೆ ಭೇಟಿಯಾಗಬೇಕು. ಮತ್ತೆ ಮತ್ತೆ ಭೇಟಿಯಾಗಲು ಕಾರಣ ಬೇಕು. ಆ ಕಾರಣವನ್ನು ಪ್ರಾಣಿಯ ಆರೈಕೆ ತಾನಾಗಿಯೇ ಒದಗಿಸುತ್ತದೆ. ನಾಯಿಮರಿಗೆ 6ರಿಂದ 8 ವಾರಗಳಾದಾಗ ಮೊದಲ ಲಸಿಕೆ, ಆಮೇಲೆ 16 ವಾರ ತುಂಬುವವರೆಗೆ ಎರಡು, ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಮರುಲಸಿಕೆ, ಮೂರು ತಿಂಗಳಾಗುವ ಹೊತ್ತಿಗೆ ಹುಚ್ಚುನಾಯಿ ರೋಗದ ಲಸಿಕೆ. ಒಬ್ಬ ಯುವ ಲೇಖಕ ಈ ವೇಳಾಪಟ್ಟಿಯನ್ನೇ ಹಂದರವಾಗಿಸಿಕೊಂಡು, ಒಂದೇ ಸೂಲಿನ ಎರಡು ಬೀದಿಮರಿಗಳನ್ನು ತಂದು ಸಾಕಿಕೊಂಡ ಇಬ್ಬರು ಅಪರಿಚಿತರು ಸರ್ಕಾರಿ ಪಶು ಆಸ್ಪತ್ರೆಯ ಸಾಲಿನಲ್ಲಿ ಪ್ರತಿ ಸಲವೂ ಹಿಂದೆಮುಂದೆ ನಿಲ್ಲುವ ಕಥೆಯನ್ನು ಬರೆದಿದ್ದ. ಕೊನೆಯ ಲಸಿಕೆಯ ದಿನ, ಇನ್ನು ಒಂದು ವರ್ಷ ಬರಬೇಕಾಗಿಲ್ಲ ಎಂದು ವೈದ್ಯರು ಹೇಳಿದಾಗ ಇಬ್ಬರೂ ಪೆಚ್ಚಾಗುತ್ತಾರೆ. ಆ ಕಥೆಯಲ್ಲಿ ಸರಪಳಿ ಒಮ್ಮೆಯೂ ಕಿತ್ತುಹೋಗುವುದಿಲ್ಲ, ಪ್ರೀತಿ ಎಂಬ ಪದವೂ ಬರುವುದಿಲ್ಲ. ನಾನು ಅದರಲ್ಲಿ ಎರಡು ಅಲ್ಪವಿರಾಮಗಳ ಹೊರತು ಏನನ್ನೂ ಮುಟ್ಟಲಿಲ್ಲ.

ಪ್ರಾಣಿ ಬದಲಾದರೆ ಕಥೆಯ ದಾರಿಯೂ ಬದಲಾಗುತ್ತದೆ. ನಾಯಿ ತನ್ನ ಒಡೆಯನನ್ನು ಹೊತ್ತುಹೊತ್ತಿಗೆ ಬೀದಿಗೆ ಎಳೆದು ತರುತ್ತದೆ. ಆದುದರಿಂದ ನಾಯಿಯ ಕಥೆ ಬೀದಿಯಲ್ಲಿ, ಬೆಳಗ್ಗೆ ಮತ್ತು ಸಂಜೆ ನಡೆಯುತ್ತದೆ. ಬೆಕ್ಕು ಯಾರನ್ನೂ ಎಲ್ಲಿಗೂ ಕರೆದೊಯ್ಯುವುದಿಲ್ಲ, ತಾನೇ ಹೋಗಿಬರುತ್ತದೆ. ಎರಡು ಮನೆಗಳಲ್ಲಿ ಎರಡು ಹೆಸರು ಇಟ್ಟುಕೊಂಡು ಎರಡು ಹೊತ್ತು ಉಣ್ಣುವ ಬೆಕ್ಕು ಎಲ್ಲ ಬಡಾವಣೆಗಳಲ್ಲಿಯೂ ಇರುತ್ತದೆ. ಆ ಎರಡು ಮನೆಗಳ ಜನ ಪರಸ್ಪರ ಕಾಣದೆಯೇ ಒಬ್ಬರನ್ನೊಬ್ಬರು ತಿಳಿಯುವ ಕಥೆಯನ್ನು ಬೆಕ್ಕಿನಿಂದಷ್ಟೇ ಬರೆಯಿಸಬಹುದು. ಹಳ್ಳಿಯ ಕಡೆಯಿಂದ ಬರುವ ಕಥೆಗಳಲ್ಲಿ ಬೇಲಿ ಮುರಿದು ಪಕ್ಕದವರ ಗದ್ದೆಗೆ ನುಗ್ಗಿದ ಹಸುವೂ, ಅದನ್ನು ದೊಡ್ಡಿಗೆ ಹೊಡೆದ ಮೇಲೆ ಬಿಡಿಸಿಕೊಳ್ಳಲು ಹೋಗಿ ಆಡುವ ಜಗಳವೂ ಇರುತ್ತವೆ. ಹಸು ಸಾಕುಪ್ರಾಣಿಯೇ ಎಂದು ನಮ್ಮ ಡೆಸ್ಕಿನಲ್ಲಿ ಒಮ್ಮೆ ಗಂಭೀರ ಚರ್ಚೆಯಾಗಿ, ಮನೆಯವರು ಅದನ್ನು ಹೆಸರಿಟ್ಟು ಕರೆಯುತ್ತಾರಾದರೆ ಹೌದು ಎಂದು ತೀರ್ಮಾನವಾಯಿತು. ಅಕ್ವೇರಿಯಂ ಮೀನಿನ ಪ್ರೇಮಕಥೆಗಳೂ ಬಂದಿವೆ. ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಮತ್ತೊಂದನ್ನು ನಾನು ಹೊಸ ಲೇಖಕರಿಗೆ ಬಿಡದೆ ಹೇಳುತ್ತೇನೆ: ಪ್ರಾಣಿಗೆ ಒಲ್ಲೆನೆನ್ನುವ ಅವಕಾಶವನ್ನು ಕೊಡಿ. ಇದಕ್ಕೆ ನಾನು ತೋರಿಸುವ ಉದಾಹರಣೆ ಕಾಳಿದಾಸನ ‘ಶಾಕುಂತಲ’ದ ಐದನೆಯ ಅಂಕ. ದುಷ್ಯಂತನಿಗೆ ನೆನಪು ಬರಿಸಲು ಶಕುಂತಲೆ ಆಗ ಹೇಳುವುದು ಒಂದು ಜಿಂಕೆಮರಿಯ ಪ್ರಸಂಗವನ್ನು. ದೀರ್ಘಾಪಾಂಗನೆಂಬ ಆ ಮರಿ ದೊರೆಯ ಕೈಯಲ್ಲಿದ್ದ ತಾವರೆ ಎಲೆಯ ದೊನ್ನೆಯ ನೀರನ್ನು ಪರಿಚಯವಿಲ್ಲದ ಕಾರಣ ಮುಟ್ಟಲಿಲ್ಲ. ಅದೇ ನೀರನ್ನು ಆಕೆ ಹಿಡಿದಾಗ ಕುಡಿಯಿತು. ಇಬ್ಬರೂ ಕಾಡಿನವರಲ್ಲವೇ, ತಮ್ಮವರನ್ನೇ ನಂಬುತ್ತೀರಿ ಎಂದು ಆತ ನಕ್ಕಿದ್ದ. ಜಿಂಕೆಮರಿ ಓಡಿಬಂದು ದೊರೆಯ ಕೈಯಿಂದ ನೀರು ಕುಡಿದಿದ್ದರೆ ಆ ನೆನಪಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಚೆಕಾಫ್ 1899ರಲ್ಲಿ ಪ್ರಕಟಿಸಿದ ನಾಯಿಯೊಡನಿರುವ ಮಹಿಳೆಯ ಕಥೆಯಲ್ಲಿ ಗೂರೋವ್ ಆಕೆಯ ಪುಟ್ಟ ಪೊಮೆರೇನಿಯನ್ ನಾಯಿಯನ್ನು ಕರೆದು, ಬೆರಳಾಡಿಸಿ ಕೆಣಕಿದಾಗ ಅದೂ ಗುರುಗುಟ್ಟುತ್ತದೆ; ಕಚ್ಚುವುದಿಲ್ಲ ಎಂದು ಆಕೆ ನಾಚಿ ಹೇಳುವ ಮಾತಿನಿಂದಲೇ ಪರಿಚಯ ಮೊದಲಾಗುತ್ತದೆ. ಬಹಳ ದಿನಗಳ ನಂತರ ಆಕೆಯ ಊರಿನಲ್ಲಿ, ಆಕೆಯ ಮನೆಯ ಮುಂದೆ ಅದೇ ನಾಯಿಯನ್ನು ಕಂಡು ಕರೆಯಲು ಹೋದವನಿಗೆ ಉದ್ವೇಗದಲ್ಲಿ ಅದರ ಹೆಸರೇ ಮರೆತುಹೋಗುತ್ತದೆ. ಅವನ ಸ್ಥಿತಿಯನ್ನು ಒಂದು ಪುಟದಷ್ಟು ವರ್ಣಿಸಿದರೂ ಅಷ್ಟು ತಿಳಿಯುತ್ತಿರಲಿಲ್ಲ.

ವಾಸ್ತವಾಂಶಗಳನ್ನು ಪರಿಶೀಲಿಸುವ ಕೆಲಸವೂ ಆಗಿನಿಂದ ನನಗೆ ಅಂಟಿಕೊಂಡಿದೆ. ಸಹೋದ್ಯೋಗಿಗಳು ಇದನ್ನು ಕಿರಿಕಿರಿ ಎನ್ನುತ್ತಾರೆ. ಆದರೆ ಪರಿಶೀಲನೆಯಿಂದ ಕಥೆ ಕೆಟ್ಟದ್ದನ್ನು ನಾನು ನೋಡಿಲ್ಲ. ಅಪಾರ್ಟ್‌ಮೆಂಟಿನ ಸಂಘ ನಾಯಿ ಸಾಕುವುದನ್ನೇ ನಿಷೇಧಿಸಿದ್ದರಿಂದ ನಾಯಕಿ ಮನೆ ಬಿಡುವ ಕಥೆಯೊಂದು ಬಂದಿತ್ತು. ಸಂಘಗಳು ಹಾಗೆ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಮಾರ್ಗಸೂಚಿಯಲ್ಲಿ ತಿಳಿಸಿದೆ ಎಂದು ನಾನು ಲೇಖಕಿಗೆ ಬರೆದೆ. ಅವರು ನಿಷೇಧವನ್ನು ಕೈಬಿಟ್ಟು, ಲಿಫ್ಟಿನಲ್ಲಿ ಮುಖ ತಿರುಗಿಸುವ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಹೇಳದೆ ಚುಚ್ಚುವ ನೆರೆಹೊರೆಯವರನ್ನು ತಂದರು. ಕಥೆ ಮೊದಲಿಗಿಂತ ಕಹಿಯಾಯಿತು, ನಾಯಕಿಯ ಪರವಾಗಿ ನಿಂತ ಒಬ್ಬನೇ ಒಬ್ಬ ನೆರೆಯವನ ಬೆಲೆಯೂ ಹೆಚ್ಚಿತು.

ಈ ವಾರ ನನ್ನ ಮೇಜಿನ ಮೇಲಿರುವುದು ಪಂಜರದ ಗಿಣಿಯ ಕಥೆ. ಮೊದಲ ಕರಡಿನಲ್ಲಿ ಕೊರಳಿಗೆ ಕೆಂಪು ಪಟ್ಟಿಯ ಹಸಿರು ಗಿಣಿಯಿತ್ತು. ನಮ್ಮ ನಾಡಿನ ಗಿಣಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎಂದು ನಾನು ತಿಳಿಸಿದ ಮೇಲೆ, ಲೇಖಕರು ಗಿಣಿಯನ್ನು ತೆಗೆದು ‘ಲವ್ ಬರ್ಡ್ಸ್’ ಎಂದು ಬರೆದು ಕಳುಹಿಸಿದ್ದಾರೆ. ನಮ್ಮ ಅಂಗಡಿಗಳಲ್ಲಿ ಆ ಹೆಸರಿನಿಂದ ಮಾರುವುದು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಜರಿಗಾರ್ ಹಕ್ಕಿಗಳನ್ನು. ನಿಜವಾದ ಲವ್ ಬರ್ಡ್‌ಗಳು ಆಫ್ರಿಕಾ ಮೂಲದ ಬೇರೆಯೇ ಹಕ್ಕಿಗಳು. ಬೆಳೆದ ಬಜರಿಗಾರ್‌ಗಳಾದರೆ ಸಾಮಾನ್ಯವಾಗಿ ಗಂಡಿನ ಕೊಕ್ಕಿನ ಬುಡದಲ್ಲಿ ಮೂಗಿನ ಹೊಳ್ಳೆಗಳಿರುವ ಭಾಗ ನೀಲಿ, ಹೆಣ್ಣಿನದು ಕಂದು. ಕಥೆಯಲ್ಲಿ ನಾಯಕ ಒಂದು ಜೋಡಿಯನ್ನು ಉಡುಗೊರೆಯಾಗಿ ಕೊಡುತ್ತಾನೆ, ಎರಡೂ ಗಂಡೇ ಎಂದು ನಾಯಕಿ ಎರಡನೆಯ ಪುಟದಲ್ಲಿ ಕಂಡುಹಿಡಿಯುತ್ತಾಳೆ. ಆಕೆಗೆ ಅದು ಹೇಗೆ ತಿಳಿಯಿತು, ಅಂಗಡಿಯವನು ಕೊಟ್ಟದ್ದು ಯಾವ ಹಕ್ಕಿ ಎಂದು ಕೇಳಿ ಸೋಮವಾರ ಪತ್ರ ಬರೆದಿದ್ದೇನೆ. ಚಿತ್ರ ಎಲ್ಲಿ ಎಂದು ಪುಟ ಕಟ್ಟುವವರು ಎರಡು ಸಲ ಕೇಳಿಹೋದರು. ಉತ್ತರ ಬರುವವರೆಗೆ ಆ ಕಥೆಯನ್ನು ಕಲಾವಿದರಿಗೆ ಕಳುಹಿಸಿಲ್ಲ.